ಚೆರೋಕಿ ಊದುಗೊಳವೆ: ಬಾಣ ದೂರ ಹೋಗದಿದ್ದರೆ

ಅಮೆರಿಕದ ಮೂಲನಿವಾಸಿಗಳಾದ ಚೆರೋಕಿಗಳ ಊದುಗೊಳವೆ ಎಂದರೆ ಬಾಯಿಂದ ಊದಿ ಸಣ್ಣ ಬಾಣ ಹಾರಿಸುವ ಉದ್ದ ಕೊಳವೆ. ಅದರಲ್ಲಿ ನಿಮ್ಮ ಬಾಣ ಹತ್ತು ಹೆಜ್ಜೆಗೇ ಓಲಾಡಿ ಬೀಳುತ್ತಿದೆ ಅನ್ನಿ. ಕೊಳವೆಗಿಂತ ಮೊದಲು ಬಾಣದ ಹಿಂಬದಿಯ ಅರಳೆ ನೋಡಿ. ಚೆರೋಕಿಗಳು ಹತ್ತಿ ಸುತ್ತುವುದಿಲ್ಲ, ಥಿಸಲ್ ಎಂಬ ಮುಳ್ಳುಗಿಡದ ಒಣಗಿದ ಹೂವಿನ ಅರಳೆಯನ್ನೇ ಕಟ್ಟುತ್ತಾರೆ. ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಬಾಣವಾಗುವ ಲೋಕಸ್ಟ್ ಎಂಬ ಗಟ್ಟಿ ಮರದ ಕಡ್ಡಿಯನ್ನು ಬೆರಳಲ್ಲಿ ಹೊರಳಿಸುತ್ತ, ಅರಳೆಯನ್ನು ಸ್ವಲ್ಪಸ್ವಲ್ಪವೇ ದಾರದಡಿ ಸೇರಿಸುತ್ತ ಹೋಗಬೇಕು. ಅರಳೆ ಸುತ್ತಿದ ಭಾಗ ನಾಲ್ಕೈದು ಅಂಗುಲ ಉದ್ದ ಬರಲಿ. ಅರಳೆ ಕೊಳವೆಯ ಒಳಗೋಡೆಗೆ ಸುತ್ತಲೂ ತಾಗಬೇಕು; ತೆಳುವಾದರೆ ಉಸಿರು ಪಕ್ಕದಿಂದ ಸೋರುತ್ತದೆ, ಒತ್ತಾದರೆ ಬಾಣ ಸಿಕ್ಕಿಕೊಳ್ಳುತ್ತದೆ. ಒದ್ದೆಯಾದ ಅರಳೆ ಅಂಟಿಕೊಂಡು ಉಪಯೋಗಕ್ಕೆ ಬಾರದು.

ಆಮೇಲೆ ಕೊಳವೆ. ಅದನ್ನು ಮಾಡುವ ರಿವರ್ ಕೇನ್ ಎಂಬ ಬಿದಿರಿನ ಗಿಣ್ಣಿನೊಳಗಿನ ತಡೆಗಳನ್ನು ತೆಗೆದಿದ್ದರೂ ಅಂಚು ಉಳಿದಿರುತ್ತದೆ, ಅರಳೆ ಕೀಳುವುದು ಅದೇ. ಒಂದು ಕಣ್ಣಿಟ್ಟು ಬೆಳಕಿನೆದುರು ನೋಡಿ, ಪೂರ್ತಿ ಉಜ್ಜಿ. ಸೊಟ್ಟಗಿದ್ದರೆ ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ.