ಆರ್‌ಟಿಕೆ ಡ್ರೋನ್ ಇಲ್ಲದೆ ಮಂಡ್ಯದ ಜಮೀನಿಗೆ ನಿಖರ ನಕ್ಷೆ ಮಾಡಬಹುದಾ?

ನೀವು ಕೇಳಿರುವುದು ಇಷ್ಟು. ಮಂಡ್ಯದ ಹತ್ತಿರ 12 ಎಕರೆ ಕಬ್ಬಿನ ಗದ್ದೆ ಇದೆ. ನಾಲೆ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಅಂತ ತಿಳಿಯುವ ನಕ್ಷೆ ಬೇಕು. ಹಾರುವಾಗಲೇ ತನ್ನ ಜಾಗವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ತಿಳಿದುಕೊಳ್ಳುವ ಆರ್‌ಟಿಕೆ ಡ್ರೋನ್‌ಗೆ ಲಕ್ಷಗಟ್ಟಲೆ ಹೇಳುತ್ತಿದ್ದಾರೆ. ಸಾಮಾನ್ಯ ಡ್ರೋನ್‌ನಲ್ಲೇ ಆಗುತ್ತದಾ?

ಆಗುತ್ತದೆ. ನಾನು ಮೈಸೂರಿನಲ್ಲಿದ್ದುಕೊಂಡು ಇದೇ ಕೆಲಸ ಮಾಡುತ್ತೇನೆ. ಒಂದೇ ಮಾತು ಹೇಳುವುದಾದರೆ, ದುಡ್ಡನ್ನು ಆಕಾಶಕ್ಕೆ ಹಾಕಬೇಡಿ, ನೆಲಕ್ಕೆ ಹಾಕಿ. ಸಾಮಾನ್ಯ ಡ್ರೋನ್‌ನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ, ನಿಜ. ಆದರೆ ನೆಲದ ಮೇಲೆ ಸರಿಯಾಗಿ ಅಳೆದ ಕೆಲವು ಗುರುತುಗಳಿದ್ದರೆ, ಫೋಟೋಗಳಿಂದ ಮೂಡುವ ಮಾದರಿಯನ್ನು ಅವು ಎಳೆದು ಸರಿಯಾದ ಜಾಗಕ್ಕೆ ಕೂರಿಸುತ್ತವೆ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಶುರುವಿನಲ್ಲಿ ಮದ್ದೂರಿನ ಕಡೆ ಒಂದು ಜಮೀನು ಮಾಡಿದೆ. ಗದ್ದೆಯೊಳಗೆ ಕೆಸರಿತ್ತು ಅಂತ ನಾಲ್ಕೂ ಗುರುತುಗಳನ್ನು ರಸ್ತೆ ಬದಿಯಲ್ಲೇ ಇಟ್ಟೆ. ಕ್ಯಾಮೆರಾ ಪೂರ್ತಿ ಕೆಳಮುಖ, ಹಾರಾಟವೂ ಒಂದೇ ದಿಕ್ಕಿನಲ್ಲಿ. ನಕ್ಷೆ ನೋಡುವುದಕ್ಕೆ ಚೆನ್ನಾಗಿಯೇ ಬಂತು. ಆದರೆ ಗದ್ದೆಯ ನಡುಭಾಗ ಗುಬ್ಬಚ್ಚಿ ಎದೆಯ ಹಾಗೆ ಉಬ್ಬಿತ್ತು. ನಡುವೆ ನೀರು ನಿಲ್ಲುತ್ತದೆ ಅಂತ ರೈತರು ಹೇಳುತ್ತಿದ್ದರು, ನನ್ನ ನಕ್ಷೆ ಅಲ್ಲೇ ದಿಬ್ಬ ತೋರಿಸುತ್ತಿತ್ತು. ಲೆನ್ಸ್‌ನ ಬಾಗನ್ನು ಸಾಫ್ಟ್‌ವೇರ್ ಫೋಟೋಗಳಿಂದಲೇ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸ್ವಲ್ಪ ತಪ್ಪಿದರೂ ನೆಲ ಬಟ್ಟಲಿನ ಹಾಗೆ ತಗ್ಗುತ್ತದೆ, ಇಲ್ಲವೇ ಗುಮ್ಮಟದ ಹಾಗೆ ಉಬ್ಬುತ್ತದೆ. ತಪ್ಪು ನನ್ನದೇ. ಆ ಕೆಲಸವನ್ನು ಮತ್ತೆ ಮೊದಲಿಂದ ಮಾಡಿಕೊಟ್ಟೆ.

ಹಾಗಾಗಿ ನಿಮ್ಮ 12 ಎಕರೆಗೆ ನಾಲ್ಕು ಮೂಲೆಯಲ್ಲಿ ನಾಲ್ಕು, ನಡುವೆ ಒಂದು, ಹೀಗೆ ಕನಿಷ್ಠ ಐದು ಗುರುತು ಇಡಿ. ಹಳೆಯ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ, ಎರಡಡಿ ಚೌಕಕ್ಕೆ ಚದುರಂಗದ ಹಾಗೆ ಕಪ್ಪು ಬಿಳಿ ಮನೆ ಬಳಿದರೆ ಸಾಕು. ಬದುವಿನ ಮೇಲೆ ಸುಣ್ಣದಲ್ಲಿ ಕೂಡಿಸುವ ಚಿಹ್ನೆ ಎಳೆದರೂ ನಡೆಯುತ್ತದೆ. ಹಾರಾಟ 60 ಮೀಟರ್ ಎತ್ತರದಲ್ಲಿರಲಿ. ಒಂದಿಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್ ಕ್ಯಾಮೆರಾ ಆದರೆ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 1.6 ಸೆಂಟಿಮೀಟರ್ ಆಗುತ್ತದೆ. ಫೋಟೋಗಳು ಮುಂದಕ್ಕೆ 80%, ಪಕ್ಕಕ್ಕೆ 70% ಒಂದರ ಮೇಲೊಂದು ಬರಲಿ. ಕೊನೆಗೆ ಕ್ಯಾಮೆರಾ ಸ್ವಲ್ಪ ಓರೆ ಮಾಡಿ, ಅಡ್ಡಡ್ಡ ಕೆಲವು ಸಾಲು ಹಾರಿಸಿ. ಉಬ್ಬುವ ರೋಗಕ್ಕೆ ಇದೇ ಮದ್ದು.

ಇನ್ನು ಗುರುತುಗಳನ್ನು ಅಳೆಯುವುದು. ಫೋನಿನ ಜಿಪಿಎಸ್ ಬೇಡವೇ ಬೇಡ. ಯು-ಬ್ಲಾಕ್ಸ್ ಕಂಪನಿಯ ಝೆಡ್‌ಇಡಿ-ಎಫ್9ಪಿ ಚಿಪ್ ಇರುವ ಎರಡು ಜಿಪಿಎಸ್ ರಿಸೀವರ್ ಬೋರ್ಡು, ಎರಡು ಒಳ್ಳೆಯ ಆಂಟೆನಾ ಇದ್ದರೆ ಸಾಕು. ಸರ್ವೆಯವರ ದೊಡ್ಡ ಯಂತ್ರಕ್ಕೆ ಹೋಲಿಸಿದರೆ ತುಂಬಾ ಅಗ್ಗ. ಒಂದೇ ಜಮೀನಿಗಾದರೆ ಕೊಳ್ಳುವುದೇ ಬೇಡ, ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಒಂದನ್ನು ಬೇಸ್, ಅಂದರೆ ಕದಲದ ಆಧಾರ, ಮಾಡಿ ಪಂಪ್‌ಸೆಟ್ ಮನೆಯ ತಾರಸಿ ಮೇಲೆ ಅಲುಗಾಡದ ಹಾಗೆ ನಿಲ್ಲಿಸಿ. ಇನ್ನೊಂದನ್ನು ಕೋಲಿಗೆ ಕಟ್ಟಿ ಗುರುತಿನಿಂದ ಗುರುತಿಗೆ ನಡೆಯಿರಿ. ಇಷ್ಟು ಹತ್ತಿರದಲ್ಲಿ ಬೇಸ್‌ನಿಂದ ಪ್ರತಿ ಗುರುತಿನ ಅಂತರ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ತಪ್ಪದೆ ಸಿಗುತ್ತದೆ. ತೆಂಗಿನ ಮರದ ಕೆಳಗೆ ಮಾತ್ರ ಗುರುತು ಇಡಬೇಡಿ.

ನೀರಿನ ಓಟಕ್ಕೆ ಇಷ್ಟೇ ಸಾಕು. ಭೂಮಿಯ ಮೇಲೆ ನಿಮ್ಮ ಗದ್ದೆ ಕರಾರುವಾಕ್ಕಾಗಿ ಎಲ್ಲಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ. ಈ ಮೂಲೆಗಿಂತ ಆ ಮೂಲೆ ಎಷ್ಟು ತಗ್ಗು ಅನ್ನುವುದು ಮುಖ್ಯ. ಭೂಮಿಯ ಮೇಲಿನ ಕರಾರುವಾಕ್ಕಾದ ಜಾಗವೂ ಬೇಕು ಅಂದರೆ ಬೇಸ್‌ನ ದಾಖಲೆಯನ್ನು ಕೆಲವು ಗಂಟೆ ಉಳಿಸಿಕೊಂಡು, ಅದರಿಂದ ಜಾಗವನ್ನು ಲೆಕ್ಕ ಹಾಕಿಕೊಡುವ ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆಗೆ ಕಳಿಸಿ. ಉಚಿತ. ಅವರು ಕೊಡುವ ಉತ್ತರ ಕೆಲವು ಸೆಂಟಿಮೀಟರಿಗಿಂತ ಹೆಚ್ಚು ತಪ್ಪುವುದಿಲ್ಲ. ಆದರೆ ಅಳೆದ ತಾರೀಖು ಬರೆದಿಡಿ. ನಮ್ಮ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಎರಡು ವರ್ಷ ಬಿಟ್ಟು ಅಳೆದರೆ ಹತ್ತು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ, ಬದು ಮಾತ್ರ ಇದ್ದಲ್ಲೇ ಇರುತ್ತದೆ. ಎತ್ತರದಲ್ಲೂ ಒಂದು ಗೊಂದಲವಿದೆ. ರಿಸೀವರ್ ಹೇಳುವ ಎತ್ತರ ನಮ್ಮ ಕಡೆ ಸಮುದ್ರಮಟ್ಟದ ಎತ್ತರಕ್ಕಿಂತ 80 ಮೀಟರಿಗೂ ಜಾಸ್ತಿ ಕೆಳಗೆ ಇರುತ್ತದೆ. ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಲೆಕ್ಕ ಇಡುವ ಮಟ್ಟವೇ ಬೇರೆ.

ಜಾಸ್ತಿ ಜನ ಬಿಟ್ಟುಬಿಡುವ ಕೆಲಸ ಒಂದಿದೆ. ಐದು ಗುರುತಿನ ಜೊತೆ ಇನ್ನೂ ನಾಲ್ಕು ಅಳೆದಿಡಿ. ಅವನ್ನು ಸಾಫ್ಟ್‌ವೇರ್‌ಗೆ ಕೊಡಬೇಡಿ. ನಕ್ಷೆ ಮುಗಿದ ಮೇಲೆ ಆ ನಾಲ್ಕು ಜಾಗದಲ್ಲಿ ನಕ್ಷೆ ಏನು ಹೇಳುತ್ತದೆ, ನೀವು ಅಳೆದದ್ದು ಏನು, ತಾಳೆ ನೋಡಿ. ಬ್ರಿಟಿಷರ ಕಾಲದಲ್ಲಿ ಭಾರತದ ದೊಡ್ಡ ಸರ್ವೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಒಂದು ಬೇಸ್‌ಲೈನ್, ಅಂದರೆ ನೆಲದ ಮೇಲೆ ಒಂದು ಆಧಾರ ರೇಖೆ, ಅಳೆದು ತ್ರಿಕೋನಗಳನ್ನು ಕಟ್ಟುತ್ತಾ ಬಂದು, 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದನ್ನು ಅಳೆಸಿದರು. ಲೆಕ್ಕ ಸರಿ ಇದೆಯಾ ಅಂತ ನೋಡುವುದಕ್ಕೇ ಅಷ್ಟು ಶ್ರಮ. ನಾವು ನಾಲ್ಕು ಗುರುತು ಅಳೆಯದಿದ್ದರೆ ಹೇಗೆ? ಎತ್ತರದ ಮೇಲೆ ಅನುಮಾನ ಬಂದರೆ ಆಟೋ ಲೆವೆಲ್ ಅನ್ನುವ ಮಟ್ಟ ನೋಡುವ ಯಂತ್ರ ಬಾಡಿಗೆಗೆ ತಂದು ನೋಡಿ. ಚೆನ್ನಾಗಿ ಮಾಡಿದರೆ ಅಡ್ಡಕ್ಕೆ 2–3, ಎತ್ತರಕ್ಕೆ 5 ಸೆಂಟಿಮೀಟರ್ ಆಸುಪಾಸಿನ ನಿಖರತೆ ಸಿಗುತ್ತದೆ. ಬಸಿಗಾಲುವೆ ಎಲ್ಲಿ ತೆಗೆಯಬೇಕು ಅಂತ ನೋಡಲು ಇದು ಸಾಕು. ಭತ್ತದ ಮಡಿ ಮಟ್ಟ ಮಾಡಲು ಸಾಲದು, ಅದಕ್ಕೆ ಲೇಸರ್ ಲೆವೆಲರೇ ಬೇಕು.

ಸಾಫ್ಟ್‌ವೇರ್‌ಗೆ ದುಡ್ಡು ಬೇಡ. ಫೋಟೋಗಳನ್ನು ನಕ್ಷೆ ಮಾಡುವ ವೆಬ್‌ಒಡಿಎಂ, ನಕ್ಷೆ ತೆರೆದು ನೋಡುವ ಕ್ಯೂಜಿಐಎಸ್ ಎರಡೂ ಮುಕ್ತ ತಂತ್ರಾಂಶ. ನಿಮ್ಮ ಜಮೀನಿಗೆ 200ರಿಂದ 300 ಫೋಟೋ ಆಗಬಹುದು, 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ ನಿಭಾಯಿಸುತ್ತದೆ. ನಕ್ಷೆಯ ಅಳತೆ ಪದ್ಧತಿ ಕೇಳಿದಾಗ ಯುಟಿಎಂ ವಲಯ 43 ಉತ್ತರ ಆರಿಸಿ.

ಹಾರಿಸುವ ಮುಂಚೆ ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯವಾ ನೋಡಿ. 250 ಗ್ರಾಂ ದಾಟಿದ ಡ್ರೋನ್‌ನಲ್ಲಿ ದುಡ್ಡಿಗೆ ಕೆಲಸ ಮಾಡುವವರಿಗೆ ಪೈಲಟ್ ಪ್ರಮಾಣಪತ್ರ ಬೇಕು. ಬೇರೆಯವರಿಂದ ಮಾಡಿಸುವುದಾದರೆ ಅದನ್ನು ಕೇಳಿ ನೋಡಿ.

ಕಬ್ಬು ಎದ್ದು ನಿಂತಿರುವಾಗ ಮಾತ್ರ ಹಾರಿಸಬೇಡಿ. ಗರಿ ಗಾಳಿಗೆ ಅಲ್ಲಾಡುತ್ತದೆ, ಒಂದು ಫೋಟೋ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದಿದರೂ ಸಿಗುವುದು ಗರಿಯ ಎತ್ತರ, ನೆಲದ್ದಲ್ಲ. ಕಟಾವಾಗಿ ತರಗು ತೆಗೆದು, ಕೂಳೆ ಚಿಗುರುವ ಮುಂಚೆ ಕೆಲವು ದಿನ ನೆಲ ಕಾಣುತ್ತದಲ್ವಾ, ಅದೇ ಸಮಯ. ಆಷಾಢದ ಗಾಳಿ ಬೇಡ. ತೆಳು ಮೋಡದ ದಿನವಾದರೆ ಇನ್ನೂ ಒಳ್ಳೆಯದು, ನೆರಳು ಬೀಳುವುದಿಲ್ಲ.

ಪಕ್ಕದ ಜಮೀನಿನವರ ಜೊತೆ ಗಡಿ ತಕರಾರು ಇದ್ದರೆ ಈ ನಕ್ಷೆಯನ್ನು ಅಲ್ಲಿಗೆ ಒಯ್ಯಬೇಡಿ. ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ನಿಂದ ಊರೊಳಗಿನ ಮನೆ ಜಾಗ ಅಳೆದದ್ದು ಸರ್ಕಾರವೇ. ನಾವು ಮಾಡಿದ್ದಕ್ಕೆ ಆ ಬೆಲೆ ಇಲ್ಲ. ಗಡಿಗೆ ಹದ್ದುಬಸ್ತು ಅರ್ಜಿಯೇ ದಾರಿ.