ಎಮ್ಮೆ ಮಾರಿದ ಸುದ್ದಿ

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಮನೆಗಳಿಗೆ ಮಲೆನಾಡಿನಲ್ಲಿ ನಾನು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಇಲ್ಲಿ ಹೇಳುತ್ತಿರುವ ಕೊನೆಗೌಡರ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೆಲಸದವರು) ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬಿದ್ದು ಎಂಟು ತಿಂಗಳಾಗಿತ್ತು, ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. "ಮಾತೇ ಆಡುವುದಿಲ್ಲ, ನೀವಾದರೂ ಧೈರ್ಯ ಹೇಳಿ" ಎಂದು ಅವರ ಅಣ್ಣ ಕರೆಸಿದ್ದರು.

ಗಾಲಿಕುರ್ಚಿ ಪ್ಲಾಸ್ಟಿಕ್ ಹೊದಿಕೆಯ ಸಮೇತ ಜಗಲಿಯ ಮೂಲೆಯಲ್ಲಿತ್ತು. ಅದರ ಮೇಲೆ ಒದ್ದೆ ಟವೆಲ್ ಹರವಿದ್ದರು. ಅದನ್ನು ಬಿಚ್ಚಿದರೆ, ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿದರೆ, ತಮ್ಮ ಇನ್ನು ನಡೆಯುವುದಿಲ್ಲವೆಂದು ಒಪ್ಪಿಕೊಂಡಂತೆ ಎಂಬುದು ಅಣ್ಣನ ಭಾವನೆ.

ಎಲ್ಲರನ್ನೂ ಹೊರಗೆ ಕಳಿಸಿ, ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. (ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಅನೇಕರಿಗಿದೆ, ಅದಕ್ಕೆ ಆಧಾರವಿಲ್ಲ.) "ಮೊದಲು ಅನ್ನಿಸ್ತಿತ್ತು" ಎಂದು ಬಹಳ ಹೊತ್ತು ಸುಮ್ಮನಿದ್ದವರು ಆಮೇಲೆ ಹೇಳಿದರು: "ಮೇಡಂ, ಎಮ್ಮೆ ಮಾರಿದಾರೆ. ಬೆಳಿಗ್ಗೆ ಕೊಟ್ಟಿಗೆಯಿಂದ ಕೂಗು ಕೇಳಲಿಲ್ಲ, ಹಂಗೆ ಗೊತ್ತಾಯ್ತು. ಕಾಲು ಹೋದ್ರೆ ಬಾಯೂ ಹೋಯ್ತು ಅಂದ್ಕೊಂಡ್ರಾ?"

ಅಣ್ಣ ಮಾರಿದ್ದು ಔಷಧಿಯ ಖರ್ಚಿಗೆ, ಮುಚ್ಚಿಟ್ಟದ್ದು ತಮ್ಮ ನೊಂದಾನೆಂದು. ಆದರೂ ನನ್ನ ಮೊದಲ ಸಲಹೆ ಅಣ್ಣನಿಗೇ ಇತ್ತು: ಮನೆಯ ಯಾವ ವ್ಯವಹಾರವನ್ನೂ ಇವರನ್ನು ಕೇಳದೆ ಮಾಡಬೇಡಿ, ಕೊಯ್ಲಿನ ಕೂಲಿ ಬಾಕಿಯ ಪುಸ್ತಕವನ್ನು ಇವರ ಕೈಗೇ ಕೊಡಿ. ಎರಡನೆಯದು ದೇಹದ ಕುರಿತು. ರಾತ್ರಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, 4ರಿಂದ 6 ಗಂಟೆಗೊಮ್ಮೆ ಕೊಳವೆ ಹಾಕಿ ಮೂತ್ರ ತೆಗೆಯುವುದು, ಎಲ್ಲವನ್ನೂ ಹೆಂಡತಿಯೇ ನೆನಪಿಟ್ಟು ಮಾಡುತ್ತಿದ್ದರು; ಅಲಾರಾಂ ಇವರ ಮೊಬೈಲಿನಲ್ಲಿರಲಿ, ಆಸ್ಪತ್ರೆಯವರಿಂದ ಕಲಿತು ಆದಷ್ಟನ್ನು ಇವರೇ ಮಾಡಿಕೊಳ್ಳಲಿ ಎಂದೆ. ಕುರ್ಚಿಯಲ್ಲಿ ಕುಳಿತಾಗ ಒತ್ತುಹುಣ್ಣಾಗದಂತೆ 15ರಿಂದ 30 ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಬೇಕು. ಮರದಿಂದ ಮರಕ್ಕೆ ಜೀಕುತ್ತಿದ್ದ ಆ ತೋಳುಗಳಿಗೆ ಅದೇನು ದೊಡ್ಡ ಕೆಲಸ!

"ಇದ್ದ ಆಸೆಯನ್ನೂ ಮುರಿದಿರಿ" ಎಂದು ಅಣ್ಣ ಆಕ್ಷೇಪಿಸಿದರು. ನಡೆಯುವ ಆಸೆಯನ್ನು ಬಿಡಿ ಎಂದು ನಾನು ಹೇಳಿರಲಿಲ್ಲ. ಅದು ಕೈಗೂಡುವವರೆಗೆ ಒಬ್ಬ ಮನುಷ್ಯನ ಬದುಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬೇಡಿ ಎಂದಿದ್ದೆ. ಧೈರ್ಯ ಹೇಳುವುದು ಸುಲಭ, ಹೇಳಿದವರಿಗೆ ಸಮಾಧಾನವೂ ಆಗುತ್ತದೆ. ಇವರಿಗೆ ಬೇಕಿದ್ದುದು ಮನೆಯವರು ಬಂದು ಒಂದು ಮಾತು ಕೇಳುವುದು.

ಮುಂದಿನ ಭೇಟಿಯ ಹೊತ್ತಿಗೆ ಕುರ್ಚಿ ಅಂಗಳಕ್ಕಿಳಿದಿತ್ತು. ಒಂದು ತೋಟದ ಬಾಕಿಯಲ್ಲಿ ಮೂರು ದಿನದ ಕೂಲಿ ಬಿಟ್ಟುಹೋಗಿದೆಯೆಂದು ತಮ್ಮ, ಇಲ್ಲವೆಂದು ಅಣ್ಣ, ನನ್ನೆದುರೇ ಜಗಳಕ್ಕಿಳಿದರು. ಆ ದಿನ ನನಗೆ ಮಾತಾಡಲು ಹೆಚ್ಚು ಅವಕಾಶ ಸಿಗಲಿಲ್ಲ.