ಮರಳಿನ ಮೇಲೆ ರಂಗೋಲಿ ಹಾಕೋರು ಯಾರು?

ಪ್ರಶ್ನೆ: ನಿವೃತ್ತಿ ಆದಮೇಲೆ ದಿನಾ ಸಂಜೆ ಐದೂವರೆಗೆ ಟಾಗೋರ್ ಬೀಚಿಗೆ ಹೋಗುತ್ತೇನೆ. ಒದ್ದೆ ಮರಳಿನ ಮೇಲೆ ಕಾಳಿನಷ್ಟು ಸಣ್ಣ ಮರಳುಂಡೆಗಳು, ಥೇಟ್ ರಂಗೋಲಿ. ಕೆಲವು ದಿನ ಒಂದೂ ಕಾಣುವುದಿಲ್ಲ. ಯಾರ ಕೆಲಸ ಇದು? ಮನೆಯಲ್ಲಿ ಕೇಳಿದರೆ ‘ನಿಮಗೆ ಬೇರೆ ಕೆಲಸ ಇಲ್ಲ’ ಅನ್ನುತ್ತಾರೆ.
— ಓದುಗರು, ಕಾರವಾರ

ಉತ್ತರ: ಒಂದು ಪುಟ್ಟ ಏಡಿಯದು. ನೀರು ಇಳಿದ ಕೂಡಲೇ ಬಿಲದಿಂದ ಹೊರಬಂದು, ಮರಳನ್ನು ಕೊಂಬಿನಿಂದ ಕೆರೆದು ಬಾಯಿಗೆ ಹಾಕಿಕೊಂಡು, ಅದಕ್ಕೆ ಅಂಟಿದ ಪಾಚಿ-ಗೀಚಿ ತಿಂದು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಬಿಲದಿಂದ ನೇರ ಒಂದು ಸಾಲು ಹೋಗಿ, ವಾಪಸು ಬಂದು, ಪಕ್ಕದಲ್ಲಿ ಇನ್ನೊಂದು ಸಾಲು. ಅದಕ್ಕೇ ಅದು ಸೂರ್ಯನ ಕಿರಣದ ಹಾಗೆ ಕಾಣುವುದು. ಅಂದರೆ ನೀವು ನೋಡುತ್ತಿರುವುದು ರಂಗೋಲಿಯಲ್ಲ, ಉಂಡೆದ್ದ ಎಲೆ!

ಕೆಲವು ದಿನ ಯಾಕಿಲ್ಲ ಅಂದರೆ, ನೀವು ಗಡಿಯಾರ ನೋಡಿ ಹೋಗುತ್ತೀರಿ, ಏಡಿ ನೀರು ನೋಡಿ ಹೊರಬರುತ್ತದೆ. ಉಬ್ಬರ-ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನಮ್ಮ ಕಡೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸಂಜೆ ಹೊತ್ತಿಗೆ ನೀರು ಚೆನ್ನಾಗಿ ಇಳಿದಿರುತ್ತದೆ, ಅಷ್ಟಮಿ ಹೊತ್ತಿಗೆ ಅದೇ ಐದೂವರೆಗೆ ಏರಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಂಡು ಹೊರಡಿ, ಸಾಕು. ಹೋದಮೇಲೆ ಹತ್ತು ನಿಮಿಷ ಅಲ್ಲಾಡದೆ ಕೂತಿರಿ. ನೆರಳು ಬಿದ್ದರೂ ಎಲ್ಲವೂ ಬಿಲದೊಳಗೆ!

ಇನ್ನು ಮನೆಯವರಿಗೆ ಹೇಳಲು ಒಂದು ಮಾತು. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ದಾಗ ಬಂದಿದ್ದ ಟಾಗೋರರು, ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ, ರಾತ್ರಿ ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಮನೆಗೆ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರಿಗೂ ಆವತ್ತು ಬೇರೆ ಕೆಲಸ ಇರಲಿಲ್ಲ, ಅಲ್ವಾ?

ಪ್ರಶ್ನೆ: ನಮ್ಮವರು ಪೇಟೆಯಲ್ಲಿ ಅಪ್ಪೆಮಿಡಿ ಕೊಳ್ಳುವಾಗ ಪ್ರತಿ ರಾಶಿಯಿಂದಲೂ ಒಂದು ಮಿಡಿ ಎತ್ತಿ, ತೊಟ್ಟು ಮುರಿದು ಮೂಸುತ್ತಾರೆ. ಕೊಳ್ಳುವುದು ಮಾತ್ರ ಕೊನೆಯ ರಾಶಿಯಲ್ಲಿ. ನನಗೆ ನಾಚಿಕೆಯಾಗುತ್ತದೆ.
— ಓದುಗರು, ಶಿರಸಿ

ಉತ್ತರ: ಮೂಸದೆ ಇನ್ನೇನು ಮಾಡಬೇಕು? ಒಂದೊಂದು ಮರದ ಸೊನೆಗೆ ಒಂದೊಂದು ಪರಿಮಳ, ಜೀರಿಗೆಯದು ಸಿಕ್ಕಿದರೆ ಅದೃಷ್ಟ. ವರ್ಷವಿಡೀ ಭರಣಿ ತೆಗೆದಾಗೆಲ್ಲ ಮೂಗಿಗೆ ಬಡಿಯುವುದು ಅದೇ ತಾನೇ. ಅಂಗಡಿಯವರು ಗೊಣಗಲು ಶುರು ಮಾಡಿದರೆ ನೀವು ಎರಡು ಅಂಗಡಿ ಆಚೆ ನಿಂತು ಬಾಳೆಹಣ್ಣಿನ ರೇಟು ಕೇಳುತ್ತಿರಿ.